ಒಡಪಿನೊಳಗಿನ ಹೆಸರು

೧೯೪೬ರ ಜನವರಿ ಒಂಬತ್ತರಂದು ತಿಕೋಟಾ, ಹತ್ತು ಮತ್ತು ಹನ್ನೊಂದರಂದು ಬಬಲೇಶ್ವರ, ಹನ್ನೆರಡರ ಶನಿವಾರ ಸಂಜೆ ನಾಲ್ಕು ಗಂಟೆಗೆ ವಿಜಾಪುರದ ಕಚೇರಿಯಲ್ಲಿ ದಫ್ತರು ಒಪ್ಪಿಸುವುದು. ಈರಯ್ಯನಿಗೆ ಬರೆದುಕೊಟ್ಟ ಕ್ರಮ ಇದು. ಬುಧವಾರ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಅವನು ತಿಕೋಟಾದ ಇಪ್ಪತ್ತಾರನೆಯ ಮನೆಯ ಕಟ್ಟೆಯ ಮೇಲೆ ಕುಳಿತು, ಗೌರಾಬಾಯಿ ಎಂಬ ಹೆಂಗಸು ನಗುವುದನ್ನು ನಿಲ್ಲಿಸಲೆಂದು ಕಾಯುತ್ತಿದ್ದ.

"ಗಂಡನ ಹೆಸರು ಹೇಳ್ರಿ," ಎಂದು ಮೂರನೆಯ ಸಲ ಕೇಳಿದ.

"ಹೆಂಗ ಹೇಳೂದ್ರಿ ಅಯ್ಯಾರ? ಅದು ನಮ್ಮ ಬಾಯಾಗ ಬರಂಗಿಲ್ರಿ."

"ಹಂಗಾದ್ರ ಕಾರ್ಡೂ ಬರಂಗಿಲ್ರಿ."

ಬಾಗಿಲಲ್ಲಿ ಗುಂಪುಗೂಡಿದ್ದ ಓಣಿಯ ಹೆಂಗಸರಲ್ಲಿ ಒಬ್ಬಳು, "ಒಡಪ ಹಾಕಿ ಹೇಳಬೇ ಗೌರಾ. ಪಾಪ, ಅಯ್ಯಾರು ಬಿಸಲಾಗ ಬಾಡಾಕತ್ತಾರ," ಎಂದಳು. ಗೌರಾಬಾಯಿ ಸೆರಗು ಬಾಯಿಗೆ ಒತ್ತಿ, ಗಂಟಲು ಸರಿಪಡಿಸಿಕೊಂಡು, ಒಂದೇ ಉಸಿರಿನಲ್ಲಿ ಹೇಳಿದಳು:

"ಬದನಿಕಾಯಿ ಎಣ್ಣಿಗಾಯಿ ಮಾಡಿದ್ದೆ ಬಲು ಚೆಂದ,
ಕದದ ಮರಿಗೆ ನಿಂತು ಕದ್ದು ತಿಂದಾವರು ಗೊಲ್ಲಾಳಪ್ಪನವರು, ನನ್ನ ಗಂಡ."

ಓಣಿಯೆಲ್ಲ ನಕ್ಕಿತು. ಈರಯ್ಯ ಆರನೆಯ ಕಾಲಂನಲ್ಲಿ 'ಗೊಲ್ಲಾಳಪ್ಪ' ಎಂದು ಬರೆದು, ಏಳನೆಯದರಲ್ಲಿ ಮುತ್ತೈದೆ ಎಂಬುದಕ್ಕೆ 'ಮು' ಎಂಬ ಗುರುತು ಹಾಕಿದ.

ಸಾಂಗಲಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಏಳು ತಿಂಗಳಾಗಿತ್ತು. ಸಕ್ಕರೆಗೂ ಚಿಮಣಿ ಎಣ್ಣೆಗೂ ಹೊಸ ರೇಶನ್ ಕಾರ್ಡು ಕೊಡುವ ಮೊದಲು ಮನೆಮನೆಯ ಪಟ್ಟಿ ಮಾಡುವ ಕೆಲಸ ಅವನಿಗೆ ಸಿಕ್ಕ ಮೊದಲ ನೌಕರಿ. ಫಾರ್ಮಿನಲ್ಲಿ ಹನ್ನೊಂದು ಕಾಲಂಗಳಿದ್ದವು. ಹತ್ತು ಕಾಲಂಗಳಿಗೆ ಮನೆಯೊಂದಕ್ಕೆ ನಾಲ್ಕು ನಿಮಿಷ ಸಾಕಾಗುತ್ತಿತ್ತು. ಆರನೆಯದೊಂದಕ್ಕೇ ಮತ್ತೆ ನಾಲ್ಕು ನಿಮಿಷ ಬೇಕಾಗುತ್ತಿತ್ತು. ಬೆಳಗಿನಿಂದ ಹತ್ತೊಂಬತ್ತು ಹೆಂಗಸರು ಹೀಗೆ ಒಡಪು ಹಾಕಿ, ಪ್ರಾಸದ ಸಾಲಿನೊಳಗೆ ಸೇರಿಸಿ ಗಂಡನ ಹೆಸರು ಹೇಳಿದ್ದರು. ಅವುಗಳಲ್ಲಿ ಬದನೆಕಾಯಿ, ಗುಮ್ಮಟ, ಎತ್ತು, ಮೂಗುತಿ ಎಲ್ಲ ಬಂದು ಹೋಗಿದ್ದವು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಗಷ್ಟಿನಂತೆ ಈರಯ್ಯ ಅವನ್ನೆಲ್ಲ ಬಿಟ್ಟು, ಹೆಸರನ್ನಷ್ಟೇ ತೆಗೆದುಕೊಳ್ಳುತ್ತಿದ್ದ. ಈ ಪದ್ಧತಿಯಿಂದ ಅವನು ಕಂಡುಕೊಂಡ ಉಪಯೋಗ ಒಂದೇ. ವಿಧವೆಯರು ಒಡಪು ಹಾಕುವುದಿಲ್ಲ. ಅವರ ಗಂಡನ ಹೆಸರನ್ನು ಬೇರೆಯವರು ಹೇಳುತ್ತಾರೆ. ಹೀಗಾಗಿ ಏಳನೆಯ ಕಾಲಂ ಕೇಳದೆಯೇ ತುಂಬುತ್ತಿತ್ತು.

ಇಪ್ಪತ್ತೇಳನೆಯ ಮನೆ ಶಿವಯೋಗೆಪ್ಪನದು. ಐವತ್ತರ ಸಮೀಪದ, ಮಾತು ಕಡಿಮೆಯ ಒಕ್ಕಲಿಗ. ತನ್ನ ಹೆಸರು, ಹೆಂಡತಿಯ ಹೆಸರು, ಇಬ್ಬರು ಮಕ್ಕಳ ಹೆಸರು ವಯಸ್ಸಿನ ಸಮೇತ ಹೇಳಿ, "ತಮ್ಮನ ಹೇಂತಿ ಒಬ್ಬಾಕಿ. ಮುರಿಗೆವ್ವ," ಎಂದು ನಿಲ್ಲಿಸಿದ. ಒಳಬಾಗಿಲಿನ ಹಿಂದೆ ಯಾರೋ ನಿಂತಿದ್ದರು. ಕಾಣುತ್ತಿದ್ದುದು ಸೀರೆಯ ಅಂಚು ಮಾತ್ರ.

"ಗಂಡನ ಹೆಸರು ಹೇಳ್ರೆವ್ವಾ," ಎಂದು ಈರಯ್ಯ ಆ ಕಡೆ ಕೇಳಿದ. ಉತ್ತರ ಬರಲಿಲ್ಲ. ಕೈಗಡಿಯಾರ ನೋಡುತ್ತ ಒಂದೂವರೆ ನಿಮಿಷ ಕಾದ.

"ಶಂಕ್ರೆಪ್ಪ ಅಂತ ಬರಕೋರಿ," ಎಂದ ಶಿವಯೋಗೆಪ್ಪ. "ಮಿಲಿಟ್ರಿಗೆ ಹೋದಾಂವ. ನಾಕ ವರ್ಷ ಆತು ಪತ್ರಿಲ್ಲ. ಹೋದಾಂವ ಹೋದ."

"ಹೋದ ಅಂದ್ರ?"

"ಹೋದ ಅಂದ್ರ ಹೋದ್ರಿ. ಲಡಾಯಿ ಮುಗದು ಬರಾವರೆಲ್ಲ ಬಂದಾರ."

"ಖರೇನ್ರೆವ್ವಾ?" ಎಂದು ಈರಯ್ಯ ಮತ್ತೊಮ್ಮೆ ಬಾಗಿಲಿನ ಕಡೆ ಕೇಳಿದ. ಸೀರೆಯ ಅಂಚು ಅಲುಗಾಡಲಿಲ್ಲ. ಅವನು ಏಳನೆಯ ಕಾಲಂನಲ್ಲಿ ವಿಧವೆ ಎಂಬುದಕ್ಕೆ 'ವಿ' ಎಂದು ಬರೆದ. ಒತ್ತುಕಾಗದ ಒತ್ತಿ, ಅದರಂತೆಯೇ ತುಂಬಿದ ಕಚ್ಚಾ ಚೀಟಿಯನ್ನು ಶಿವಯೋಗೆಪ್ಪನ ಕೈಗೆ ಕೊಟ್ಟು ಇಪ್ಪತ್ತೆಂಟನೆಯ ಮನೆಗೆ ಹೋದ.

ಬಬಲೇಶ್ವರದಲ್ಲಿ ಕೆಲಸ ಬೇಗ ಸಾಗಿತು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಹೋದ ಮನೆಯಲ್ಲಿ ರುದ್ರವ್ವ ಎಂಬ ಮುದುಕಿ ಅಂಗಳದಲ್ಲಿ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಜಂಗಮರ ಹುಡುಗನೆಂದು ತಿಳಿದು, ಕೂಡಲು ಕಂಬಳಿ ಹಾಸಿ, ಮಜ್ಜಿಗೆ ತಂದುಕೊಟ್ಟಳು. ತಿಕೋಟಾದಿಂದ ಬಂದನೆಂದು ಕೇಳಿ ಅವಳ ಮುಖ ಅರಳಿತು.

"ನನ್ನ ಮಗಳ ಅಲ್ಲೇ ಅದಾಳ್ರಿ. ಶಿವಯೋಗೆಪ್ಪನ ಮನ್ಯಾಗ. ನೋಡಿದ್ರೇನು?"

ಈರಯ್ಯನಿಗೆ ಮನೆಗಳು ಸಂಖ್ಯೆಯಿಂದ ನೆನಪಿರುತ್ತಿದ್ದವು. "ಇಪ್ಪತ್ತೇಳು," ಎಂದ. "ಐದು ಮಂದಿ. ಹೌದ್ರಿ, ಆ ವಿಧವಾ ಹೆಣಮಗಳು."

ಮೊರ ನಿಂತಿತು. ಮುದುಕಿ ಅದನ್ನು ಕೆಳಗಿಟ್ಟು, ಕೈಗೆ ಹತ್ತಿದ ಹೊಟ್ಟನ್ನು ಒರೆಸಿಕೊಂಡಳು.

"ಯಾರು ವಿಧವಾ?"

ಅವನು ದಫ್ತರು ತೆರೆದು ತೋರಿಸಿ, ಅದರಂತೆಯೇ ಶಿವಯೋಗೆಪ್ಪನಿಗೆ ಚೀಟಿ ಕೊಟ್ಟದ್ದನ್ನೂ ಹೇಳಿದ. ಓದಲು ಬಾರದ ರುದ್ರವ್ವ ಅವನ ಬೆರಳಿನ ಕೆಳಗಿದ್ದ ಒಂದು ಅಕ್ಷರವನ್ನು ಬಹಳ ಹೊತ್ತು ನೋಡಿದಳು.

"ಅಂವ ಸತ್ತಾನಂತ ನಿಮಗ ಯಾರು ಹೇಳಿದ್ರು?"

"ಆಕಿ ಭಾವ ಹೇಳಿದ. ನಾ ಆಕೀನೂ ಎರಡ ಸಲ ಕೇಳಿದೆ. ಒಡಪ ಹಾಕಲಿಲ್ಲ, ಮಾತೂ ಆಡಲಿಲ್ಲ."

"ಭಾವ ಅಲ್ಲೇ ಕುಂತಿದ್ನೇನು?"

"ಕುಂತಿದ್ದ."

"ಯಪ್ಪಾ, ಓದಿದಾಂವ ನೀ. ಭಾವನ ಮುಂದ ಬಾಯಿ ತೆರದು ಒಡಪ ಹಾಕತಾರೇನೋ? ಲಗ್ನಾಗಿ ಎಂಟ ವರ್ಷ ಆತು, ಅವನ ಮುಂದ ಕೆಮ್ಮಿಲ್ಲ ನನ್ನ ಮಗಳು. ನಿಮ್ಮ ಮನ್ಯಾಗ ಹೆಂಗ ಐತಿ?"

ಈರಯ್ಯ ದಫ್ತರನ್ನು ಮುಚ್ಚಿದ. ಅವನ ದೊಡ್ಡಪ್ಪ ಪಡಸಾಲೆಗೆ ಬಂದರೆ ಅವನ ತಾಯಿ ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಹೋಗುತ್ತಿದ್ದಳು. ಇಪ್ಪತ್ತಮೂರು ವರ್ಷ ಇದನ್ನು ನೋಡಿದ್ದವನು ಬುಧವಾರ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಉಳಿದುದನ್ನು ರುದ್ರವ್ವ ಹೇಳಿದಳು. ಮಾಘದಲ್ಲಿ ಶಿವಯೋಗೆಪ್ಪನ ಮಗಳ ಮದುವೆ. ಸತ್ತವನ ಕ್ರಿಯೆ ಮಾಡದ ಮನೆಯಲ್ಲಿ ಹಂದರ ಹಾಕಬಾರದೆಂದು ಬೀಗರ ಕಡೆಯವರು ಹೇಳಿದ್ದಾರೆ. ಸತ್ತದ್ದಕ್ಕೆ ಸಾಕ್ಷಿ ಏನೆಂದು ಊರ ಹಿರಿಯರು ಇಷ್ಟು ದಿನ ಒಪ್ಪಿರಲಿಲ್ಲ. "ಈಗ ಸರಕಾರನ ಬರದು ಕೊಟ್ಟಂಗಾತು," ಎಂದಳು. "ಸೋಮವಾರ ಸಂಕ್ರಮಣ. ಅದಕ್ಕ ಮದಲ, ಐತವಾರನ ಆಕಿ ಬಳಿ ಒಡಸ್ತಾರ. ಒಮ್ಮಿ ಒಡದ ಮ್ಯಾಲ, ಅಂವ ನಾಳಿ ಬಂದು ಬಾಗಲದಾಗ ನಿಂತ್ರೂ ಆ ಬಳಿ ತಿರುಗಿ ಹೆಂಗ ಇಡಸ್ತೀ?"

ಈರಯ್ಯ ನಿಯಮಗಳ ಪುಸ್ತಕ ತೆಗೆದ. ತಪ್ಪಾದ ನಮೂದನ್ನು ದಫ್ತರು ಒಪ್ಪಿಸುವುದರೊಳಗೆ ತಿದ್ದಬಹುದು. ಆದರೆ ಸಂಬಂಧಪಟ್ಟವರು ಖುದ್ದಾಗಿ ಬಂದು ಹೆಡ್ ಕ್ಲಾರ್ಕರ ಮುಂದೆ ಹೇಳಿಕೆ ಕೊಡಬೇಕು. ಅವನು ಅದನ್ನು ಎರಡು ಸಲ ಓದಿ ಹೇಳಿದ. "ನಾಳೆ ನಾಕ ಗಂಟೆದೊಳಗ," ಎಂದ. ಮುದುಕಿ ಮಜ್ಜಿಗೆಯ ತಂಬಿಗೆಯನ್ನು ಅಲ್ಲೇ ಬಿಟ್ಟು, ತಿಕೋಟಾದ ಕಡೆ ಹೋಗುವ ಚಕ್ಕಡಿ ಯಾರದ್ದಿದೆಯೆಂದು ಕೇಳಲು ಓಣಿಗೆ ಹೋದಳು.

ಕಚೇರಿ ಇದ್ದದ್ದು ಸ್ಟೇಷನ್ ರಸ್ತೆಯಲ್ಲಿ, ಅರಳೆ ದಾಸ್ತಾನಿಡುವ ವಖಾರದ ಅಟ್ಟದ ಮೇಲೆ. ಹೆಡ್ ಕ್ಲಾರ್ಕ್ ಬುಡ್ಡೇಸಾಬ ನಿವೃತ್ತಿಗೆ ಎರಡು ವರ್ಷ ಉಳಿದಿದ್ದವನು. ಶನಿವಾರ ಮಧ್ಯಾಹ್ನ ಎರಡಕ್ಕೆ ಈರಯ್ಯ ತನ್ನ ತಪ್ಪನ್ನು ಅವನಿಗೆ ಕ್ರಮವಾಗಿ ವಿವರಿಸಿದ. ಬುಡ್ಡೇಸಾಬ ಕನ್ನಡಕ ಹಣೆಗೇರಿಸಿದ.

"ಸಕ್ಕರಿ ತಿನ್ನಾಕ ಗಂಡನ ಹೆಸರು ಯಾಕ ಬೇಕೋ, ಅದನ್ನ ಮುಂಬೈಯಾವರನ್ನ ಕೇಳಬೇಕು. ನಮ್ಮ ಮಾಶಾಬಿ ಮೂವತ್ತೆಂಟ ವರ್ಷದಾಗ ನನ್ನ ಹೆಸರ ಒಮ್ಮಿ ತಗದಿಲ್ಲ. ಮನಿಗೆ ಬೆಂಕಿ ಹತ್ತಿದ್ರೂ 'ಏನ್ರಿ' ಅಂತಾಳ. ಓಣ್ಯಾಗ ನಾಕ ಮಂದಿ ಗಂಡಸರು ತಿರುಗಿ ನೋಡತಾರ." ಅನಂತರ ದನಿ ತಗ್ಗಿಸಿ, "ಬರಲಿ ತಗೋ. ನಾಕರ ತನಕ ನಾ ಮೊಹರ ಹಾಕಂಗಿಲ್ಲ," ಎಂದ.

ಇದ್ದಿಲಿನ ಹೊಗೆಯಿಂದ ಓಡುವ ತಿಕೋಟಾದ ಮೋಟಾರು ದಾರಿಯಲ್ಲಿ ಎರಡು ಸಲ ನಿಂತು, ಮೂರೂ ಇಪ್ಪತ್ತಕ್ಕೆ ಬಂತು. ಅಟ್ಟದ ಮೆಟ್ಟಿಲು ಹತ್ತಿ ಮೊದಲು ಬಂದವಳು ರುದ್ರವ್ವ, ಹಿಂದೆ ತಲೆಯ ತುಂಬ ಸೆರಗು ಹೊದ್ದ ಮುರಿಗೆವ್ವ. ಅವಳ ಹಿಂದೆ ಶಿವಯೋಗೆಪ್ಪ.

"ನೀವೂ ಬಂದ್ರಿ?" ಎಂದ ಈರಯ್ಯ.

"ಮನಿ ಹೆಣಮಗಳನ್ನ ಹಂಗ ಕಳಸೂದು ಹೆಂಗ್ರಿ?" ಎಂದು ಶಿವಯೋಗೆಪ್ಪ ತಲೆಯ ಪಟಕಾ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಆಕಿಗಿ ಕೆಟ್ಟದ್ದು ಬಯಸಾಂವ ನಾ ಅಲ್ಲ. ನಮ್ಮವ್ವ ಅವನ ದಾರಿ ಕಾಯಕೊಂತನ ಸತ್ಲು. ಇನ್ನೂ ಎಷ್ಟ ಮಂದಿ ಕಾಯೂದು?" ಅಂಗಿಯ ಒಳಗಿಂದ ಮಡಿಕೆ ಹರಿದ ಒಂದು ಇಂಗ್ಲಿಷ್ ಕಾಗದವನ್ನು ಮೇಜಿನ ಮೇಲಿಟ್ಟ.

ಬುಡ್ಡೇಸಾಬ ಅದನ್ನು ಓದಿ ಈರಯ್ಯನಿಗೆ ಕೊಟ್ಟ. ಶಂಕ್ರೆಪ್ಪ ೧೯೪೨ರ ಫೆಬ್ರವರಿಯಿಂದ ಮಲಾಯಾದಲ್ಲಿ ಕಾಣೆಯಾಗಿದ್ದಾನೆ ಎಂಬಷ್ಟೇ ಅದರಲ್ಲಿತ್ತು.

"ಸತ್ತಾನ ಅಂತ ಇಲ್ಲ," ಎಂದ ಬುಡ್ಡೇಸಾಬ. "ಬದಕ್ಯಾನ ಅಂತನೂ ಇಲ್ಲ. ನಮ್ಮ ಫಾರಮಿನ್ಯಾಗ ಇರೂವು ಎರಡ ಅಕ್ಷರ. ಅಂದಮ್ಯಾಲ ಕಾಗದದ ಮಾತ ಬಿಡ್ರಿ. ಈ ಹೆಣಮಗಳು ಏನ ಹೇಳತಾಳೋ ಅದು."

"ಯಜಮಾನರು ಸ್ವಲ್ಪ ಹೊರಗ ನಿಂತ್ರ ಆದೀತು," ಎಂದು ಈರಯ್ಯ ಸೂಚಿಸಿದ.

"ಆಗಂಗಿಲ್ಲ. ಹೇಳಿಕೆ ಯಜಮಾನನ ಸಮಕ್ಷಮ ಆಗಬೇಕು, ಕೆಳಗ ಅವನ ಸಹಿ ಬೇಕು. ನೀನ ಓದಿದ್ಯಲ್ಲೋ ಪುಸ್ತಕ."

ಅವನು ಓದಿದ್ದ. ನಿಯಮದ ಆ ಸಾಲು ಪುಟದ ಕೆಳಗಿತ್ತು. ಶುಕ್ರವಾರ ರುದ್ರವ್ವನಿಗೆ ಹೇಳುವಾಗ ಅದು ಅವನ ನೆನಪಿಗೇ ಬಂದಿರಲಿಲ್ಲ.

ಈರಯ್ಯ ದಫ್ತರು ತೆರೆದು, ಲೇಖನಿಯನ್ನು ಮಸಿಯಲ್ಲಿ ಅದ್ದಿ, ಬುಧವಾರ ಕೇಳಿದ್ದ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಕೇಳಿದ. "ಗಂಡನ ಹೆಸರು ಹೇಳ್ರೆವ್ವಾ."

ಕೆಳಗೆ ವಖಾರದಲ್ಲಿ ಹಮಾಲರು ಅರಳೆಯ ಅಂಡಿಗೆ ಎತ್ತುವ ಸದ್ದು ಕೇಳುತ್ತಿತ್ತು. ಮುರಿಗೆವ್ವ ತಲೆ ತಗ್ಗಿಸಿದಳು. ಎರಡು ಹೆಜ್ಜೆಯ ಅಂತರದಲ್ಲಿ ಭಾವ ನಿಂತಿದ್ದ. ಲೇಖನಿಯ ಮಸಿ ಆರಿತು. ಈರಯ್ಯ ಮತ್ತೆ ಅದ್ದಿದ. ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತೊಂದು, ಆಮೇಲೆ ನಲವತ್ತೆರಡು. ರುದ್ರವ್ವನ ತುಟಿ ಅಲುಗುತ್ತಿತ್ತು. ಆದರೆ ಈ ಮಾತನ್ನು ಮಗಳ ಬದಲಿಗೆ ತಾಯಿ ಆಡುವಂತಿರಲಿಲ್ಲ.

"ಹೇಳಂಗಿಲ್ರಿ ಆಕಿ," ಎಂದ ಶಿವಯೋಗೆಪ್ಪ, ಒರಟಾಗಿ ಅಲ್ಲ. "ಹೇಳಾಕ ಏನೂ ಇಲ್ಲಂತ ಆಕಿಗೂ ಗೊತ್ತೈತಿ. ಹೊತ್ತ ಮುಣಗೂದ್ರಾಗ ಊರ ಮುಟ್ಟಬೇಕು."

ಮುರಿಗೆವ್ವ ನಿಂತಲ್ಲೇ ತಿರುಗಿದಳು. ಬೆನ್ನು ಕೋಣೆಯವರಿಗೆ, ಮುಖ ಕಿಟಕಿಗೆ. ಸೆರಗನ್ನು ಇನ್ನಷ್ಟು ಮುಂದಕ್ಕೆಳೆದಾಗ ಮೊಣಕೈಯವರೆಗೂ ಇದ್ದ ಹಸಿರು ಬಳೆಗಳು ಕಂಡವು. ದನಿ ಮೊದಲು ಒಡೆಯಿತು. ಅವಳು ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿದಳು:

"ಎಳಿ ಬಿಸಲ ಬಿತ್ತು ಇಜಾಪುರದ ಕ್ವಾಟಿ ಮ್ಯಾಲ,
ಬಿಳಿಜ್ವಾಳ ತೆನಿ ಬಿಟ್ಟೈತಿ ತಿಕೋಟಾದ ಎರಿ ಮ್ಯಾಲ,
ಹೊಳಿ ದಾಟಿ ಕಡಲ ದಾಟಿ ಹ್ವಾದರೂ ಕದ ಹಾಕಿಲ್ಲ ನಾ,
ಗಳಿಗಿ ಗಳಿಗಿಗೆ ಹೊಳ್ಳಸ್ತೀನಿ ಶಂಕ್ರೆಪ್ಪನವರ ರೊಟ್ಟಿ ಹಂಚಿನ ಮ್ಯಾಲ."

ಯಾರೂ ನಗಲಿಲ್ಲ. ಬುಡ್ಡೇಸಾಬ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಈರಯ್ಯ ಆರನೆಯ ಕಾಲಂನಲ್ಲಿ ಬರೆಯಬೇಕಾದದ್ದೇನೂ ಇರಲಿಲ್ಲ. ಹೆಸರು ಬುಧವಾರವೇ ಅಲ್ಲಿ ಬಂದಿತ್ತು. ಅವನು ಲೇಖನಿ ಎತ್ತಿಕೊಂಡೇ ಇದ್ದ. ಉಳಿದ ಸಾಲುಗಳು, ಬಿಸಿಲು, ಜೋಳ, ಹಾಕದ ಕದ, ಅವನ ಕಿವಿಯಲ್ಲಿ ಒಂದರ ಹಿಂದೊಂದು ನಿಂತಿದ್ದವು. ಯಾವುದನ್ನು ಬಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಎಂಟ ವರ್ಷ ಆತ್ರಿ," ಎಂದ ಶಿವಯೋಗೆಪ್ಪ, ಯಾರನ್ನೂ ನೋಡದೆ. "ಆಕಿ ದನಿ ಹಿಂಗ ಐತಂತ ನನಗ ಗೊತ್ತಿರಲಿಲ್ಲ."

ಪಟಕಾವನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಸುತ್ತು ಸರಿಬರಲಿಲ್ಲ, ಎರಡನೆಯ ಸಲ ಸುತ್ತಿದ. ಅನಂತರ ಮೇಜಿನ ಬಳಿ ಬಂದು, "ಸಹಿ ಎಲ್ಲಿ ಮಾಡ್ಲಿ?" ಎಂದು ಕೇಳಿದ.

"ಬೀಗರಿಗೆ ಏನ ಹೇಳತೀರಿ?" ಎಂದ ಬುಡ್ಡೇಸಾಬ.

"ಇದನ್ನ ಹೇಳತೀನಿ. ಕೇಳಿದ್ರ ಕೇಳಲಿ."

ಸಹಿ ಮಾಡಿ ಅವನು ಮೆಟ್ಟಿಲಿಳಿದು ಹೋದ. ರುದ್ರವ್ವ ಮಗಳ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

ಮೂರೂ ಐವತ್ತಾರಕ್ಕೆ ಈರಯ್ಯ ಏಳನೆಯ ಕಾಲಂನ 'ವಿ'ಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ 'ಮು' ಎಂದು ಬರೆದ. ತಿದ್ದಿದ್ದಕ್ಕೆ ಕಾರಣವನ್ನು ಹನ್ನೊಂದನೆಯ ಕಾಲಂನ ಷರಾದಲ್ಲಿ ಕಾಣಿಸಬೇಕಿತ್ತು. ಕಾಲಂ ಎರಡು ಅಂಗುಲ ಅಗಲವಿತ್ತು. ಅವನು ಸಣ್ಣ ಅಕ್ಷರಗಳಲ್ಲಿ ಬರೆದ: ವಿಚಾರಣೆಯಿಂದ ಕಂಡುಬಂದದ್ದು, ಮನೆ ಸಂಖ್ಯೆ ಇಪ್ಪತ್ತೇಳರ ಮುರಿಗೆವ್ವ ತನ್ನ ಗಂಡನ ಹೆಸರನ್ನು ತಾನೇ ಹೇಳಿದ್ದಾಳೆ.