ಗಿಡುಗದಿಂದ ಶುರುಮಾಡಬೇಕಾದ ಸುದ್ದಿ

ಬೂಟುಗಳು, ಕಾಲಿಚಾಳ ಬಾಗಿಲ ಹೊರಗೆ ಇಷ್ಟೊಂದು ಬೂಟುಗಳು, ಹಿಮದ ಕೆಸರು ಮೆತ್ತಿಕೊಂಡು ಒಂದರ ಮೇಲೊಂದು, ಹಾಡಹಗಲೇ ಬೀದಿಯ ಮುದುಕರೆಲ್ಲ ಒಟ್ಟಿಗೆ ಬಂದರೆ ಯಾವ ತಾಯಿಗೆ ತಿಳಿಯುವುದಿಲ್ಲ, ಒಬ್ಬೊಬ್ಬರೇ ಬರಬೇಕಿತ್ತು, ಈ ನಾರಿನ್ ಊರಿನ ಪೆದ್ದ ಮುದುಕರು— ಜುಮಾಕದಿರ್ ಕಂಬಳಿಯ ಮೇಲೆ ಕಾಲು ಮಡಚಿ ಕೂತ, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದಾರೆ, ನೀನೇ ಹೇಳ್ಬೇಕಪ್ಪ, ನಲವತ್ತು ವರ್ಷ ಪೇಪರಲ್ಲಿ ಬರ್ದೋನು, ಮಾತೇ ನಿನ್ನ ಕಸುಬು, ಎಂದು ದಾರಿಯಲ್ಲಿ ಬೆನ್ನು ತಟ್ಟಿದ್ದರು. ಕಸುಬಂತೆ. ಏನೆಲ್ಲ ಬರೆದ— ಸರ್ಕಾರಿ ಕುರಿಗಳ ಉಣ್ಣೆಯ ಲೆಕ್ಕ, ಕಾಬೂಲಿನ ದಾರಿಯಲ್ಲಿ ಸುಟ್ಟುಹೋದ ಟ್ಯಾಂಕು, ದೇಶ ಒಡೆದ ಚಳಿಗಾಲದ ಬ್ರೆಡ್ಡಿನ ಸಾಲು, ಕುದುರೆ ಪಂದ್ಯ, ಸಂಬಳ ಬಾರದ ವರ್ಷ ಗುಲ್ಸಾನ್ ಎಂಬ ಹೆಂಗಸಿನ ಹೆಸರಲ್ಲಿ ಅಡುಗೆ ಅಂಕಣ, ಮೊಟ್ಟೆ ಬೇಯ್ಸೋಕೂ ಬರದ ಗುಲ್ಸಾನಕ್ಕ ಬಂದ್ರು ನೋಡಿ, ಎಂದು ಕಾಲಿಚಾ ನಗುತ್ತಿದ್ದಳು, ಅದೇ ಕಚೇರಿಯಲ್ಲಿ ಕರಡು ತಿದ್ದುತ್ತಿದ್ದವಳು. ಸಾವುಗಳನ್ನೂ ಬರೆದಿದ್ದಾನೆ, ಗಣಿ ಕುಸಿದದ್ದು, ಬಸ್ಸು ಕಣಿವೆಗೆ ಉರುಳಿದ್ದು, ಚಹಾ ಆರುವಷ್ಟರಲ್ಲಿ ಮುಗಿಸಿ ಅಚ್ಚಿಗೆ ಕಳಿಸಿದ್ದಾನೆ, ಓದುವವರ ಮುಖ ಕಾಣುತ್ತಿರಲಿಲ್ಲವಲ್ಲ. ಕಾಲಿಚಾಳ ಒಬ್ಬನೇ ಮಗ ಮೆಲಿಸ್, ಕಚೇರಿಯ ಪೇಪರ್ ಕಟ್ಟುಗಳ ಮೇಲೆ ಮಲಗಿ ಬೆಳೆದವನು, ಮಾಸ್ಕೋದಲ್ಲಿ ಕಟ್ಟಡ ಕೆಲಸದ ಸಾರುವೆಯಿಂದ ಬಿದ್ದು ಸತ್ತ, ನಾಳೆ ಹೆಣ ಬರುತ್ತದೆ— ಇಷ್ಟೇ ಸುದ್ದಿ, ಆದರೆ ತಾಯಿಗೆ ಹೀಗೆ ನೇರವಾಗಿ ಹೇಳಿದರೆ ಕೊಡಲಿಯಿಂದ ಹೊಡೆದ ಹಾಗೆ, ಗಿಡುಗದಿಂದ ಶುರುಮಾಡಬೇಕು, ಸಾವಿನ ಸುದ್ದಿ ಒಯ್ದಾಗೆಲ್ಲ ಅಪ್ಪ ಹಾಗೇ ಹೇಳುತ್ತಿದ್ದ, ಕೈಮೇಲೆ ಸಾಕಿದ ಗಿಡುಗ ಒಂದು ದಿನ ಹಾರಿಹೋಯಿತು, ಮರಳಲಿಲ್ಲ— ಅವಳು ಅರ್ಧರ್ಧ ಬಟ್ಟಲು ಚಹಾ ಬಗ್ಗಿಸಿ ಕೊಡುತ್ತಿದ್ದಾಳೆ, ಸಕ್ಕರೆ ತಗೊಳ್ಳಿ, ಈ ಸಲ ಚಳಿ ಹೋಗೋ ಹಾಗೇ ಕಾಣ್ಸಲ್ಲ, ಮಾತು ನಿಲ್ಲಿಸಿದರೆ ಇವನು ಶುರುಮಾಡಿಬಿಡುತ್ತಾನೆ ಎಂದು ಗೊತ್ತಿರುವವಳ ಹಾಗೆ ಮಾತಾಡುತ್ತಿದ್ದಾಳೆ, ಇವನು ಕೆಮ್ಮಿದ, ಕಾಲಿಚಾ, ಕೈಮೇಲೆ ಸಾಕಿದ ಗಿಡುಗ, ಎಂದ, ಮುಂದಿನ ಶಬ್ದ ಬರಲಿಲ್ಲ, ಪಕ್ಕದವನು ಮೊಣಕೈಯಿಂದ ತಿವಿದ, ಆದರೂ ಬರಲಿಲ್ಲ.

ಗಿಡುಗ ಬೇಡಣ್ಣ, ಮೆಲಿಸ್ ಅಲ್ವಾ, ಎಂದಳು. ಹೂಂ ಎಂದ, ಅಷ್ಟೇ, ಕಸುಬು ಅಷ್ಟಕ್ಕೇ ಮುಗಿಯಿತು, ಅವಳು ಅಳಲಿಲ್ಲ, ಬಟ್ಟಲು ಕೆಳಗಿಟ್ಟು, ಮಗ ಕಳಿಸಿದ ಕೆಂಪು ಹರಳಿನ ಓಲೆಯೊಂದನ್ನು ಕಿವಿಯಿಂದ ಬಿಚ್ಚಿದಳು, ಇನ್ನೊಂದರ ಕೊಂಡಿ ಬರುತ್ತಿಲ್ಲ, ಬೆರಳು ಜಾರುತ್ತಿದೆ, ಯಾರಾದರೂ ಎದ್ದು ಬಿಚ್ಚಬಾರದೆ— ಹೆಂಗಸರೆಲ್ಲಿ, ಹೆಂಗಸರನ್ನು ಕರೆತರುವುದೇ ಯಾರಿಗೂ ಹೊಳೆಯಲಿಲ್ಲ, ಅವಳನ್ನು ಹಿಡಿದುಕೊಳ್ಳುವವರು ಯಾರು, ಇಷ್ಟು ಮುದುಕರು ಬಟ್ಟಲು ಹಿಡಿದು ಕೂತಿದ್ದಾರೆ, ಕೊಂಡಿ, ಬೆರಳು, ಕೆಂಪು ಹರಳು, ಮತ್ತೆ ಕೊಂಡಿ, ಮತ್ತೆ ಆ ಬೆರಳು, ಆ ಕೆಂಪು ಹರಳು