ಹದ ಅಂದವರ ಮನೆಗೆ

ತೊಗಲು ಹದ ಮಾಡುವ ಆ ಕಾರ್ಖಾನೆಯಲ್ಲಿ ಸುಮ್ಮಸುಮ್ಮನೆ ಬಾಯಿ ಬಿಟ್ಟು ಆಡಬಾರದ ಮಾತು ಒಂದೇ: ‘ಹದ’. ತೊಟ್ಟಿಯಲ್ಲಿ ತೊಗಟೆ ನೀರು ಕುಡಿದು ಕುಡಿದು ಹಸಿ ತೊಗಲು ಚರ್ಮವಾಯಿತು, ಇನ್ನು ಕೊಳೆಯದು, ಬಿರಿಯದು ಎಂದು ಅದರರ್ಥ. ಯಜಮಾನರ ಬಾಯಿಂದ ಆ ಮಾತು ಬಿದ್ದ ಮೇಲೆಯೇ ಮಾಲು ಹೊರಗೆ ಹೋಗುತ್ತಿತ್ತು.

ಮಂಡಿನೋವು ಹೆಚ್ಚಾಗಿ ಯಜಮಾನರು ಕುರ್ಚಿಯನ್ನು ಪರೀಕ್ಷೆಗೆಂದು ಅಳಿಯನಿಗೆ ಬಿಟ್ಟುಕೊಟ್ಟರು. ಗೆದ್ದರೆ ಕುರ್ಚಿ ಅವನದೇ. ಅಳಿಯನಿಗೂ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಮೊದಲ ದಿನವೇ ಅವನು ಆ ಮಾತಿಗೆ ಮರುಳಾದ. ಒಂದು ಸಲ ಅಂದರೆ ಸಾಕು, ಆಳುಗಳೆಲ್ಲ ಎದ್ದು ಗಾಡಿ ತುಂಬುತ್ತಾರೆ! ತೊಟ್ಟಿಗೆ ಬೆರಳು ಅದ್ದದೆ, ಮೂಗಿನಿಂದ ಕರವಸ್ತ್ರ ತೆಗೆಯದೆ, ಕಂಡಕಂಡದ್ದಕ್ಕೆಲ್ಲ ‘ಹದ’ ಎಂದ.

ಚಪ್ಪಲಿ ಹೊಲಿಯುವವರು ಮಾಲನ್ನು ಹಿಂದಕ್ಕೆ ಕಳಿಸಿದರು. ಅಂಚು ಕೊಯ್ದರೆ ನಡುವೆ ಬಿಳಿ ಗೆರೆ, ಒಳಗಿನ್ನೂ ಹಸಿ. ಮೇಸ್ತ್ರಿ ಗಾಡಿಯನ್ನು ನೇರವಾಗಿ ಅಳಿಯನ ಮನೆಬಾಗಿಲಿಗೆ ತಂದು ನಿಲ್ಲಿಸಿದ.

“ಇಲ್ಲಿಗ್ಯಾಕಪ್ಪಾ ತಂದೆ?”

“ಕೆಟ್ಟ ತೊಗಲು, ‘ಹದ’ ಅಂದವರ ಮನೆಗೇ ಹೋಗ್ಬೇಕು ಸಾರ್. ಹಿಂದಿನಿಂದ ಹಾಗೇ ನಡ್ಕೊಂಡು ಬಂದಿದೆ.”

ಹೆಂಡತಿ ಮೂಗು ಮುಚ್ಚಿಕೊಂಡು ಹೊರಗೆ ಬಂದಳು. “ನೋಡದೇನೆ ಬಾಯಿ ಬಿಟ್ರಾ? ಸರಿ, ಇವತ್ತಿಂದ ನೀವೂ ಇದೂ ಒಂದೇ ಕೋಣೇಲಿ ಮಲ್ಕೊಳ್ಳಿ. ನಂಗೆ ಅಡುಗೆಮನೆ ಸಾಕು.”

ಅಲ್ಲಿಗೆ ಅಳಿಯನ ಬಾಯಿಗೆ ಬೀಗ ಬಿತ್ತು. ಯಾವ ತೊಗಲನ್ನು ತೋರಿಸಿದರೂ “ಇನ್ನೊಂದಿಷ್ಟು ನೆನೀಲಿ” ಎಂಬುದೊಂದೇ ಉತ್ತರ. ತೊಟ್ಟಿಗಳು ತುಂಬಿ ತುಳುಕಿದವು. ಗಿರಾಕಿಗಳು ಬಾಗಿಲಲ್ಲಿ ನಿಂತು ಕೂಗಾಡಿದರು. ಕೊನೆಗೆ, ಚಿಕ್ಕಂದಿನಿಂದ ಅಪ್ಪನ ಹಿಂದೆ ತೊಟ್ಟಿ ಸುತ್ತಿ ಬೆಳೆದ ಹೆಂಡತಿಯೇ ತೋಳು ಮೇಲೇರಿಸಿಕೊಂಡು ಬಂದಳು. ಒಂದೊಂದನ್ನೂ ಮಡಚಿ, ಹೆಬ್ಬೆರಳಲ್ಲಿ ಒತ್ತಿ, ಅಂಚು ಕೊಯ್ದು, “ಇದು ಹದ. ಇದಲ್ಲ. ಇದು ಹದ” ಎನ್ನುತ್ತ ಹೋದಳು. ಸಂಜೆಯೊಳಗೆ ಗಾಡಿಗಳು ಹೊರಟವು. ಒಂದು ಚೂರೂ ಹಿಂದಕ್ಕೆ ಬರಲಿಲ್ಲ.

ಯಜಮಾನರು ಕೋಲೂರಿಕೊಂಡು ಬಂದು ಮಗಳನ್ನು ಕುರ್ಚಿಯಲ್ಲಿ ಕೂರಿಸಿದರು. ಅಳಿಯ ಗೋಡೆಗಂಟಿ ನಿಂತಿದ್ದ.

“ಹಾಗಾದ್ರೆ ನಾನು ಗಂಟುಮೂಟೆ ಕಟ್ಲಾ ಮಾವ?”

“ಹೇಗಪ್ಪಾ ಕಳಿಸ್ಲಿ? ಸಂಬಂಧ ನೋಡೋಕೆ ಬಂದಾಗ ಅಂಚು ಕೊಯ್ದು ನೋಡ್ದೆ ‘ಹುಡುಗ ಹದ’ ಅಂದವನು ನಾನೇ ಅಲ್ವಾ? ಇನ್ನು ನಾನೇ ಇಟ್ಕೋಬೇಕು.” ಯಜಮಾನರು ಬಾಗಿಲ ಕಡೆ ಕೋಲು ತೋರಿಸಿದರು. “ಹೋಗು, ಗಿರಾಕಿಗಳನ್ನ ಸಮಾಧಾನ ಮಾಡು. ಮಾತಾಡೋಕಂತೂ ನಿಂಗೆ ಬರುತ್ತೆ.”

ಅಳಿಯ ಕರವಸ್ತ್ರವನ್ನು ಜೇಬಿಗೆ ತುರುಕಿಕೊಂಡು ಹೋದ.