ಕಣ್ಣು ಕತ್ತರಿಸದ ಗೊಂಬೆ

ಹೊಸವರ್ಷಕ್ಕೆಂದು ಶಿಯಾನ್ ನಗರದಿಂದ ಬಂದ ಮಗಳು ರುಯ್‌ಲಾನ್, ಹೆಗಲ ಚೀಲ ಇಳಿಸುವ ಮೊದಲೇ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಮಡಿಲಿಗಿಟ್ಟಳು. ಕೆಂಪು ಡಬ್ಬಿ. ಮೇಲೆ ಬಿಳಿಯ ಗೊಂಬೆ: ತಲೆಗೆ ಎರಡು ಜುಟ್ಟು, ಚಾಚಿದ ಕೈಗಳು, ಒಂದು ಕೈಯಲ್ಲಿ ಕೋಳಿ.

"ಗುರುತು ಸಿಕ್ತಾ ಅವ್ವ? ನಿನ್ನ ಗೊಂಬೇನೇ! ಊರೆಲ್ಲಾ ಈಗ ಇದೇ. ಬಸ್ಸಿನ ಮೇಲೂ ಹಾಕಿದ್ದಾರೆ."

ಗುರುತು ಸಿಗದೆ ಏನು? ಕಾಗದದಲ್ಲಿ ನನ್ನ ಕತ್ತರಿ ಓಡಿದ ದಾರಿ ನನಗೆ ತಿಳಿಯದೆ ಪಕ್ಕದ ಮನೆಯವಳಿಗೆ ತಿಳಿಯುತ್ತದೆಯೇ? ಆದರೆ ಆ ಗೊಂಬೆ ನನ್ನನ್ನೇ ನೋಡುತ್ತಿತ್ತು. ನಾನು ಅದಕ್ಕೆ ಕಣ್ಣು ಕತ್ತರಿಸಿರಲಿಲ್ಲ.

"ಕಣ್ಣು ಯಾರೇ ಇಟ್ಟಿದ್ದು?"

"ನಾನೇ. ಕಣ್ಣಿಲ್ಲದ ಗೊಂಬೆ ಕಂಡ್ರೆ ಮಕ್ಕಳು ಹೆದರ್ಕೋತಾರೆ ಅಂದ್ರು ಕಂಪನಿಯೋರು. ಆಮೇಲೆ ಅಂಚಿನ ಗರಗಸದ ಹಲ್ಲೆಲ್ಲ ತೆಗೆದೆ, ಎರಡೂ ಕೈ ಒಂದೇ ಅಳತೆಗೆ ತಂದೆ. ದೂರದಿಂದ ನೋಡಿದ್ರೂ ಎದ್ದು ಕಾಣ್ಬೇಕಲ್ಲ."

"ಎದ್ದು ಕಾಣೋಕೆ ಅದೇನು ಮದುವಣಗಿತ್ತೀನಾ?"

ಅವಳು ನಕ್ಕಳು. ಡಬ್ಬಿಗಳಿಗೆ, ಚೀಲಗಳಿಗೆ ಚಿತ್ರ ಬರೆಯುವುದೇ ಅವಳ ಕೆಲಸ. ಈ ಗೊಂಬೆಯಿಂದ ಅವಳಿಗೆ ದೊಡ್ಡ ಹೆಸರು ಬಂದಿತ್ತು. ಸುಗ್ಗಿಯಲ್ಲಿ ಬಂದಿದ್ದಾಗ ನನ್ನ ಮಾದರಿಗಳ ಗಂಟು ಬಿಚ್ಚಿ, ಒಂದು ಹೊಗೆಯಚ್ಚಿನ ಫೋಟೋ ತೆಗೆದುಕೊಂಡು ಹೋಗಿದ್ದಳು. ಕತ್ತರಿಸಿದ ಚಿತ್ತಾರವನ್ನು ನೆನೆಸಿ ಬಿಳಿಯ ಹಾಳೆಗಂಟಿಸಿ ದೀಪದ ಹೊಗೆಗೆ ಹಿಡಿದರೆ ಹಾಳೆಯೆಲ್ಲ ಕಪ್ಪಾಗುತ್ತದೆ. ಚಿತ್ತಾರ ಕಿತ್ತ ಜಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ನಾವು ಹೆಂಗಸರು ಮಾದರಿ ಕಾಪಾಡಿಕೊಂಡು ಬಂದದ್ದೇ ಹಾಗೆ. ಅವಳು ಫೋಟೋ ತೆಗೆದ ಹೊಗೆಯಚ್ಚು ಯಾವುದೆಂದು ಆ ದಿನ ನಾನು ನೋಡಲಿಲ್ಲ. ಹೊಲದಲ್ಲಿದ್ದೆ.

ಅದು ಶುವಾನ್‌ಶುವಾನಳದು, ನನ್ನ ಮೊದಲ ಮಗಳದು. ಕಟ್ಟಿಹಾಕಿದವಳು ಎಂದು ಆ ಹೆಸರಿನ ಅರ್ಥ. ಬಿಟ್ಟು ಹೋಗದಿರಲಿ ಎಂದು ನನ್ನ ಅತ್ತೆ ಇಟ್ಟಿದ್ದರು. ಕೊರಕಲಿನ ಅಂಚಿನಲ್ಲಿ ಏನನ್ನೋ ಕಂಡು ಬೆಚ್ಚಿದ ಮಗು ಜ್ವರ ಹಿಡಿದು ಮಲಗಿತು. ಬೆಚ್ಚಿದಾಗ ಜೀವ ಮೈಬಿಟ್ಟು ಹೊರಗೆ ಅಲೆಯುತ್ತದೆ. ಅದನ್ನು ಕರೆಯಲು ಗೊಂಬೆ ಕತ್ತರಿಸಬೇಕು, ಕಣ್ಣು ಕೊನೆಗೆ. ತಾಯಿ ಗೊಂಬೆ ಹಿಡಿದು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು, ಒಳಗಿದ್ದವರು 'ಬಂದೆ' ಎಂದು ಓಗೊಡಬೇಕು, ಆಮೇಲೆ ಗೊಂಬೆಯನ್ನು ಸುಡಬೇಕು. ನಾನು ಕೋಳಿಯ ಪುಕ್ಕ ಮುಗಿಸಿ ಮುಖಕ್ಕೆ ಬಂದಿದ್ದೆ. ನಾವು ಮಲಗುವ ಬೆಚ್ಚನೆಯ ಒಲೆಗಟ್ಟೆಯ ಮೇಲೆ ಮಗುವಿನ ಪಕ್ಕ ಕೂತಿದ್ದ ಅತ್ತೆ, ಅದರ ಮೂಗಿನ ಬಳಿ ಬೆರಳು ಹಿಡಿದು ನೋಡಿ, "ಕತ್ತರಿ ಕೆಳಗಿಡು ತಾಯಿ" ಎಂದರು.

ಗೊಂಬೆಯನ್ನು ಹಾಗೇ ಸುಟ್ಟುಬಿಡು, ಹೋಗಲಿ ಜೀವ, ಎಂದೂ ಅವರೇ ಹೇಳಿದರು. ನಾನು ಸುಡುವ ಮೊದಲು ದೀಪದ ಹೊಗೆಗೆ ಹಿಡಿದೆ. ಕಣ್ಣಿಲ್ಲದ ಗೊಂಬೆಗೆ ಬರುವ ದಾರಿಯೂ ಕಾಣದು, ಹೋಗುವ ದಾರಿಯೂ ಕಾಣದು. ಬಾಗಿಲ ಹತ್ತಿರವೇ ಎಲ್ಲೋ ಇರುತ್ತದೆ. ಇರಲಿ ಎಂದೇ ನಾನು ಬಯಸಿದ್ದು. ಹೆತ್ತ ಕರುಳು ಇಷ್ಟಾದರೂ ಹಟ ಮಾಡಬಾರದೆ? ರುಯ್‌ಲಾನ್ ಹುಟ್ಟಿದ್ದು ಆಮೇಲೆ. ಅವಳಿಗೆ ನಾನು ಏನೂ ಹೇಳಲಿಲ್ಲ.

ಡಬ್ಬಿ ಮನೆಗೆ ಬಂದ ಮರುದಿನದಿಂದ ಬಾಗಿಲಿಗೆ ಹಾಕಿದ ಹತ್ತಿಯ ಪರದೆ ಗಾಳಿಯಿಲ್ಲದ ಹೊತ್ತಿನಲ್ಲಿ ಉಬ್ಬತೊಡಗಿತು. ಅಪರಿಚಿತರನ್ನು ಕಂಡರೆ ಹರಿದು ತಿನ್ನುವ ನಮ್ಮ ನಾಯಿ ಅದನ್ನು ನೋಡಿ ಬಾಲ ಆಡಿಸಿತು. ನಾನು ಒಲೆಗೆ ಸೌದೆ ಒಟ್ಟುತ್ತ ನೋಡದವಳಂತೆ ಇದ್ದೆ. ಆಮೇಲೆ ಒಂದು ಬೆಳಿಗ್ಗೆ ಕಿಟಕಿಗೆ ಅಂಟಿಸಿದ ಹೊಸ ಕಾಗದದಲ್ಲಿ, ಕೆಳಗಿನ ಮೂಲೆಯಲ್ಲಿ, ಒಂದು ತೂತು ಕಂಡಿತು. ಅಂಚು ಇನ್ನೂ ಒದ್ದೆ. ಕಾಗದಕ್ಕೆ ನಾಲಿಗೆ ಹಚ್ಚಿ ತೂತು ಮಾಡಿ ಇಣುಕುವುದು ನಮ್ಮ ಕಡೆ ಮಕ್ಕಳ ಚಾಳಿ. ಈಗ ನಮ್ಮ ದಿಣ್ಣೆಯ ಮೇಲೆ ಮಕ್ಕಳೇ ಇಲ್ಲ, ಎಲ್ಲ ಪೇಟೆ ಸೇರಿವೆ. ಹೆದರಿಕೆಯಾಯಿತು. ಸುಳ್ಳೇಕೆ, ಸಂತೋಷವೂ ಆಯಿತು.

ರುಯ್‌ಲಾನಳೂ ಆ ತೂತನ್ನು ಬಗ್ಗಿ ನೋಡಿದಳು. ನೆಟ್ಟಗಾದಾಗ ಅವಳ ಮುಖದಲ್ಲಿ ನಗು ಇರಲಿಲ್ಲ.

"ಅವ್ವ, ನಮ್ಮ ಆಫೀಸಿನ ಗಾಜಿನ ಬಾಗಿಲಿಗೆ ಈ ಗೊಂಬೇನ ಆಳೆತ್ತರ ಅಂಟಿಸಿದ್ದಾರೆ. ಅದನ್ನ ದಾಟುವಾಗೆಲ್ಲ, ಇದೇನಾ ಮನೆ, ಅಂತ ಯಾರೋ ಕೇಳಿದ ಹಾಗಾಗುತ್ತೆ. ನಿದ್ದೆ ಸಾಲದೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ನಿಜ ಹೇಳು. ಯಾರಿದು?"

ಹೇಳಿದೆ. ಅವಳು ಕೇಳುತ್ತ ಕೇಳುತ್ತ ಡಬ್ಬಿಯನ್ನು ಮಗುಚಿಟ್ಟಳು.

"ಅಂದ್ರೆ ನಾನು ಅವಳಿಗೆ ಕಣ್ಣು ಕೊಟ್ಟು ಕಂಡವರ ಬಾಗಿಲಿಗೆಲ್ಲ ಕಳಿಸಿದೆ."

"ಲಕ್ಷ ಬಾಗಿಲಿಗೆ ಕಳಿಸಿದೆ ಮಾರಾಯ್ತಿ! ಎಲ್ಲಿ ಹೋದ್ರೂ ಯಾರೋ ಡಬ್ಬಿ ಬಿಚ್ತಾರೆ, ತಿಂತಾರೆ, ಎಸೀತಾರೆ. ನೀನ್ಯಾರು, ಬಾ ಒಳಗೆ, ಅನ್ನೋರು ಒಬ್ರಿಲ್ಲ."

"ಹಾಗಾದ್ರೆ ನೀನು ಕರಿ. ನಾನು ಒಳಗಿಂದ ಓಗೊಡ್ತೀನಿ."

"ಬೇಡ."

"ಯಾಕೆ?"

"ಕರೆದ ಮೇಲೆ ಸುಡ್ಬೇಕು. ಸುಟ್ಟ ಮೇಲೆ ಅವಳಿರಲ್ಲ ಕಣೇ. ಇನ್ನಷ್ಟು ದಿನ ಇರ್ಲಿ. ಈಗ ತಾನೇ ಇಣುಕಿದ್ದಾಳೆ."

ರುಯ್‌ಲಾನ್ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಗೆಲ್ಲುತ್ತಿದ್ದೆ.

"ನಾನು ಶಾಲೆಯಿಂದ ಬಂದು ಅವ್ವಾ ಅಂತ ಕೂಗಿದಾಗೆಲ್ಲ ನೀನು ಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಂತಿರ್ತಿದ್ದೆ. ನಾನು ನಿನ್ನ ಪಕ್ಕದ ಸಂದಿಯಲ್ಲಿ ನುಸುಳಿ ಒಳಗೆ ಬಂದಿರ್ತಿದ್ದೆ. ಆದ್ರೂ ನೀನು ಹೊರಗೇ ನೋಡ್ತಿದ್ದೆ. ನನ್ನಲ್ಲೇನು ಕಮ್ಮಿ ಅಂತ ಎಷ್ಟು ಯೋಚನೆ ಮಾಡಿದ್ದೀನಿ ಗೊತ್ತಾ?"

ಎದ್ದು ಪೆಟ್ಟಿಗೆಯಿಂದ ಕೆಂಪು ಕಾಗದ ತೆಗೆದೆ.

ಜುಟ್ಟು, ಕೈ, ಕೋಳಿ, ಎಲ್ಲ ತಾವಾಗಿಯೇ ಬಂದವು. ಎಡಗೈ ಬಲಗೈಗಿಂತ ಚಿಕ್ಕದಾಗಿಯೇ ಬಂತು, ನನ್ನ ಮಗುವಿನ ಕೈ ಇದ್ದದ್ದೇ ಹಾಗೆ. ಕಣ್ಣಿಗೆ ಬಂದಾಗ ರುಯ್‌ಲಾನ್ ಕಾಗದದ ಅಂಚು ಹಿಡಿದುಕೊಂಡಳು. ಕತ್ತರಿಸಿದೆ.

ಮಧ್ಯಾಹ್ನದ ಬಿಸಿಲು ಅಂಗಳದ ಹಿಮದ ಮೇಲೆ ಬಿದ್ದಿತ್ತು. ಪರದೆ ಎತ್ತಿ ಹಿಡಿದು ಕೂಗಿದೆ.

"ಶುವಾನ್‌ಶುವಾನ್, ಮನೆಗೆ ಬಾರೇ!"

"ಬಂದೇ ಅವ್ವಾ!" ಎಂದಳು ರುಯ್‌ಲಾನ್ ಒಳಗಿಂದ. ಶಾಲೆಯ ಹುಡುಗಿಯ ದನಿ. ಇಷ್ಟು ವರ್ಷ ನನ್ನ ಬೆನ್ನ ಹಿಂದೆಯೇ ಇದ್ದ ದನಿ.

ಹೊಸ್ತಿಲಿಗೆ ಅಡ್ಡ ಮಲಗಿದ್ದ ನಾಯಿ ಎದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನನ್ನ ಸೊಂಟದ ಪಕ್ಕದಲ್ಲಿ ತಣ್ಣನೆಯದೇನೋ ಬಟ್ಟೆಗೆ ತಾಗಿ ಒಳಗೆ ಹೋಯಿತು. ನಾನು ಒಳಗೆ ತಿರುಗಿದೆ. ಒಲೆಗಟ್ಟೆಯ ಮೇಲೆ ರುಯ್‌ಲಾನ್ ಕಣ್ಣು ಮುಚ್ಚಿ, ಯಾರಿಗೋ ಜಾಗ ಬಿಟ್ಟು ಗೋಡೆಗೆ ಒತ್ತಿ ಕೂತಿದ್ದಳು. ಅವಳ ಪಕ್ಕ ಸ್ವಲ್ಪ ಹೊತ್ತು ಕೂತು, ಗೊಂಬೆಯನ್ನು ನಾನೇ ಒಲೆಗೆ ಹಾಕಿದೆ. ಹಳೆಯ ಹೊಗೆಯಚ್ಚನ್ನೂ ಹಾಕಿದೆ. ಆಮೇಲೆ ಅವಳ ಮಡಿಲಲ್ಲಿ ತಲೆಯಿಟ್ಟು ಗೋಳೋ ಎಂದು ಅತ್ತೆ.

ಪರದೆ ಮತ್ತೆ ಉಬ್ಬಲಿಲ್ಲ. ಹಬ್ಬ ಕಳೆದ ಮೇಲೆ ಮಗಳನ್ನು ಬಸ್ಸು ಹತ್ತಿಸಲು ಪೇಟೆಗೆ ಹೋದೆ. ಅಂಗಡಿಯ ತುಂಬ ಕೆಂಪು ಡಬ್ಬಿಗಳು, ಕೆಳಗಿನಿಂದ ಮಾಡಿನವರೆಗೆ. ಒಂದೊಂದರ ಮುಂದೆಯೂ ಬಗ್ಗಿ ಬಗ್ಗಿ ನೋಡಿದೆ. ಎಲ್ಲಕ್ಕೂ ಕಣ್ಣಿದ್ದವು. ಒಂದಾದರೂ ನನ್ನ ಗುರುತು ಹಿಡಿಯಲಿಲ್ಲ.